‘ಇಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆಯನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ತರ್ಕದ ನಿಯಮಗಳನ್ನು ಬರೆದುಕೊಟ್ಟು ಯಂತ್ರಕ್ಕೆ ಬುದ್ಧಿ ಕಲಿಸುವ ಹಳೆಯ ಪ್ರಯತ್ನ ಸೋತುಹೋಯಿತು, ಈಗ ರಾಶಿಗಟ್ಟಲೆ ಮಾಹಿತಿ ಉಣಿಸಿದರೆ ಸಾಮಾನ್ಯ ಜ್ಞಾನ ತಾನಾಗಿಯೇ ಬರುತ್ತದೆ ಎಂಬರ್ಥದ ಮಾತು ಅದರಲ್ಲಿದೆ. ರಾಯಚೂರು ಜಿಲ್ಲೆಯ ಪದವಿಪೂರ್ವ ಕಾಲೇಜುಗಳಲ್ಲಿ 31 ವರ್ಷ ತರ್ಕಶಾಸ್ತ್ರ ಪಾಠ ಮಾಡಿ ನಿವೃತ್ತನಾದ, ಈಗ ಮಾನ್ವಿ ತಾಲ್ಲೂಕಿನ ಕಾಲುವೆಯ ಕೊನೆಭಾಗದಲ್ಲಿ 3 ಎಕರೆ ಸಾಗುವಳಿ ಮಾಡಿಕೊಂಡಿರುವ ನನಗೆ ಆ ಮಾತು ಅಷ್ಟು ಸಲೀಸಾಗಿ ಒಪ್ಪಿಗೆಯಾಗಲಿಲ್ಲ. (‘ಸಾಮಾನ್ಯ ಜ್ಞಾನ’ ಎಂದೊಡನೆ ನಮ್ಮಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ನೆನಪಾಗುವುದರಿಂದ, ಕಾಮನ್‌ಸೆನ್ಸ್‌ಗೆ ನಾನು ‘ಲೋಕಜ್ಞಾನ’ ಎಂಬ ಮಾತನ್ನೇ ಬಳಸುತ್ತೇನೆ.)

ನನ್ನ ತಕರಾರು ಹೊಲದಿಂದಲೇ ಹುಟ್ಟಿದ್ದು. 2024–25ರ ಎರಡನೇ ಬೆಳೆಗೆ ನಮ್ಮ ಭಾಗಕ್ಕೆ ನೀರು ಮುಟ್ಟುವ ಭರವಸೆ ಕಾಣಲಿಲ್ಲವಾದ್ದರಿಂದ ಭತ್ತದ ನಾಟಿ ಬಿಟ್ಟು ಹೈಬ್ರಿಡ್ ಜೋಳ ಬಿತ್ತಿದೆ. ರಾಶಿ ಮಾಡಿ, ಟ್ರ್ಯಾಕ್ಟರಿಗೆ 40 ಚೀಲ ಏರಿಸಿಕೊಂಡು, ಬೆಂಬಲ ಬೆಲೆಯ ಖರೀದಿ ಕೇಂದ್ರವೊಂದಕ್ಕೆ ಹೋದೆ. ಹೈಬ್ರಿಡ್ ಜೋಳಕ್ಕೆ ಆ ವರ್ಷ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 3,371 ರೂಪಾಯಿ ಗೊತ್ತುಮಾಡಿತ್ತು. ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ನನ್ನ ಸರ್ವೆ ನಂಬರ್ ಒತ್ತಿದವನು ತಲೆ ಕೆರೆದುಕೊಂಡು, ‘ಸರ್, ಇದ್ರಾಗ ನಿಮ್ಮ ಹೊಲದಾಗ ಭತ್ತ ಐತ್ರಿ, ಜೋಳ ಇಲ್ಲ’ ಅಂದ. ‘ಟ್ರ್ಯಾಕ್ಟರಿನ್ಯಾಗ ಐತಲ್ಲಪ್ಪಾ, ಎದ್ದು ಬಂದು ನೋಡು’ ಅಂದೆ. ಪಾಪ, ಎದ್ದು ಬಂದ. ಚೀಲದ ಬಾಯಿಯಿಂದ ನಾಲ್ಕು ಕಾಳು ತೆಗೆದು ಹಲ್ಲಿಗಿಟ್ಟು ಕಡಿದ. ಒಣಗಿದೆ, ಚೆನ್ನಾಗಿದೆ ಎಂದು ತಲೆಯಾಡಿಸಿದ. ಆಮೇಲೆ ಅವನು ಹೇಳಿದ ಮಾತನ್ನು ನಾನು ಮರೆತಿಲ್ಲ: ‘ನನಗ ಕಾಣಾಕತ್ತೈತ್ರಿ ಸರ್, ಸಿಸ್ಟಮ್ಮಿಗೆ ಕಾಣವಲ್ದು.’

ಆ ಬೆಳೆ ದಾಖಲೆಯಲ್ಲಿ ಆಗಿದ್ದು ಇಷ್ಟು. ಹಿಂದಿನ ವರ್ಷ ಇದೇ ಹಂಗಾಮಿನಲ್ಲಿ ಭತ್ತವಿತ್ತು. ಈ ಸಲ ಹೊಲಕ್ಕೆ ಯಾರೂ ಬಂದು ನೋಡಲಿಲ್ಲ. ನೋಡದಿದ್ದುದರಿಂದ ಹಳೆಯ ಭತ್ತವೇ ಮುಂದುವರಿಯಿತು. ಜೋಳದ ನಮೂದು ಇರಲಿಲ್ಲವಾದ್ದರಿಂದ ಜೋಳವೇ ಇಲ್ಲ ಎಂದಾಯಿತು. ಎರಡು ಬೇರೆ ಬೇರೆ ತಪ್ಪುಗಳು ಒಂದರ ಮೇಲೊಂದು ಕೂತಿವೆ. ಆಶ್ಚರ್ಯವೆಂದರೆ, ತಮ್ಮ ಲೇಖಕರು ಸೋತುಹೋಯಿತೆಂದ ಆ ತರ್ಕಪಂಥದವರು ಅರ್ಧ ಶತಮಾನ ಗುದ್ದಾಡಿದ್ದು ಮುಖ್ಯವಾಗಿ ಈ ಎರಡರ ಜೊತೆಗೇ.

ಮೊದಲನೆಯದನ್ನು, ಹಳೆಯ ಭತ್ತವೇ ಮುಂದುವರಿದದ್ದನ್ನು, ನೋಡೋಣ. ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬ ಹೆಸರನ್ನು ಚಲಾವಣೆಗೆ ತಂದ ಅಮೆರಿಕದ ಜಾನ್ ಮೆಕಾರ್ಥಿಯವರು 1959ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ, ಯಂತ್ರಕ್ಕೆ ಲೋಕಜ್ಞಾನ ಬರಬೇಕಾದರೆ ಅದಕ್ಕೆ ತಿಳಿದದ್ದೆಲ್ಲವನ್ನೂ ತರ್ಕದ ವಾಕ್ಯಗಳಲ್ಲಿ ಬರೆದುಕೊಡಬೇಕು, ಹೊಸ ಸಂಗತಿ ಹೇಳಿದಾಗ ಅದು ತಾನೇ ತೀರ್ಮಾನಗಳನ್ನು ತೆಗೆಯುವಂತಿರಬೇಕು ಎಂದರು. ಹತ್ತು ವರ್ಷದ ನಂತರ, 1969ರಲ್ಲಿ, ಅವರೂ ಪ್ಯಾಟ್ರಿಕ್ ಹೇಯ್ಸ್ ಅವರೂ ಕೂಡಿ ಬರೆದ ಪ್ರಬಂಧದಲ್ಲಿ ಈ ದಾರಿಯ ದೊಡ್ಡ ಮುಳ್ಳೊಂದಕ್ಕೆ ‘ಫ್ರೇಮ್ ಪ್ರಾಬ್ಲಮ್’ ಎಂದು ಹೆಸರಿಟ್ಟರು. ಒಂದು ಕೆಲಸ ಮಾಡಿದಾಗ ಏನು ಬದಲಾಗುತ್ತದೆ ಎಂದು ಹೇಳುವುದು ಸುಲಭ. ಏನೇನು ಬದಲಾಗುವುದಿಲ್ಲ ಎಂದು ಹೇಳಿ ಮುಗಿಸುವುದು ಹೇಗೆ?

ನಮ್ಮ ತುಂಗಭದ್ರಾ ಜಲಾಶಯವನ್ನೇ ತೆಗೆದುಕೊಳ್ಳಿ. ಅದಕ್ಕೆ 33 ಕ್ರಸ್ಟ್‌ಗೇಟುಗಳಿವೆ. ಒಂದು ಗೇಟನ್ನು ಎತ್ತಿದರೆ ಆ ಗೇಟು ತೆರೆಯುತ್ತದೆ ಎಂಬುದು ಒಂದೇ ವಾಕ್ಯ. ಆದರೆ ಮಿಕ್ಕ 32 ಗೇಟುಗಳು ಇದ್ದ ಹಾಗೆಯೇ ಇರುತ್ತವೆ ಎಂಬುದನ್ನು ತರ್ಕಕ್ಕೆ ಬಾಯಿಬಿಟ್ಟು ಹೇಳದಿದ್ದರೆ ಗೊತ್ತಾಗದು. ಪ್ರತಿ ಗೇಟಿಗೂ ಎತ್ತುವುದು, ಇಳಿಸುವುದು ಎಂದು ಎರಡು ಕ್ರಿಯೆಗಳಾದರೆ ಒಟ್ಟು 66 ಕ್ರಿಯೆ, ಒಂದೊಂದಕ್ಕೂ 32 ‘ಬದಲಾಗದು’ ಎಂಬ ವಾಕ್ಯಗಳು, ಒಟ್ಟು 2,112. ಗೇಟು ಎತ್ತಿದ್ದರಿಂದ ಮುನಿರಾಬಾದಿನ ರಸ್ತೆ ಅಲುಗಲಿಲ್ಲ, ಕಾವಲುಗಾರನ ಅಂಗಿಯ ಬಣ್ಣ ಮಾಸಲಿಲ್ಲ ಎಂಬುದೆಲ್ಲ ಇದರಲ್ಲಿ ಸೇರಿಲ್ಲ. ಗೇಟ್ ತಿರುಗಿಸುವ ನೌಕರ ಇದೊಂದನ್ನೂ ಯೋಚಿಸದೆ ಚಹಾ ಕುಡಿಯಲು ಹೋಗುತ್ತಾನೆ. ಯಂತ್ರಕ್ಕೆ ಇಲ್ಲದ್ದು, ಅವನಿಗೆ ಇರುವುದು, ಆ ಒಂದು ನೆಮ್ಮದಿ.

ಈ ನೆಮ್ಮದಿಯನ್ನೇ ಅವರು ನಿಯಮವಾಗಿ ಬರೆದರು: ಬದಲಾಯಿಸುವಂಥದ್ದೇನೂ ನಡೆಯದಿದ್ದರೆ ಇದ್ದದ್ದು ಇದ್ದ ಹಾಗೇ ಇರುತ್ತದೆ. ಈ ನಿಯಮವನ್ನು ತೆಗೆದುಹಾಕಿದರೆ ನಿನ್ನೆ ಕಟ್ಟಿದ ಎಮ್ಮೆ ಇಂದು ಕೊಟ್ಟಿಗೆಯಲ್ಲಿದೆಯೆಂದು ನಂಬಲೂ ಆಗದು. ಆದರೆ ನಿಯಮದಲ್ಲಿರುವ ‘ಏನೂ ನಡೆಯದಿದ್ದರೆ’ ಎಂಬ ಭಾಗವನ್ನು ಬಿಟ್ಟರೆ ಉಳಿಯುವುದು ಮೊಂಡುತನ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಕೊಂಡು ಹೋದದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಯಾರೂ ಬೇಕೆಂದು ಮಾಡಿದ್ದಲ್ಲ ಅದು. ಎತ್ತದ ಗೇಟು ಮುಚ್ಚಿಯೇ ಇರುತ್ತದೆ ಎಂದು ಹಿಂದಿನ ದಿನ ನಂಬಿದ್ದವರು ಮೂರ್ಖರೇನಲ್ಲ, ಅವರ ನಂಬಿಕೆ ಸರಿಯಾದದ್ದೇ. ಸುದ್ದಿ ಬಂದ ಕ್ಷಣವೇ ಅದನ್ನು ಕೈಬಿಟ್ಟು, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನು ತೆರೆದು, ಒಂದು ವಾರದೊಳಗೆ ಹರಿಯುವ ನೀರಿನಲ್ಲೇ, ಗೇಟಿನ ಬದಲಿಗೆ ತಾತ್ಕಾಲಿಕವಾಗಿ ಅಡ್ಡಹಾಕುವ ಉಕ್ಕಿನ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿದ್ದು ಅವರ ಲೋಕಜ್ಞಾನ. ದಾಖಲೆ ಹೇಳುತ್ತಿದೆ, ಆದ್ದರಿಂದ 19ನೇ ಗೇಟು ಮುಚ್ಚಿಯೇ ಇದೆ ಎಂದು ಯಾರಾದರೂ ಆ ರಾತ್ರಿ ವಾದಿಸಿದ್ದರೆ? ನನ್ನ ಹೊಲದ ಭತ್ತ ಅದೇ ವಾದ ಮಾಡಿತು.

ನಾನು ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದ ತರ್ಕದಲ್ಲಿ ಈ ಕೈಬಿಡುವಿಕೆಗೆ ಜಾಗವಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಎಲ್ಲ ಮನುಷ್ಯರೂ ಮರ್ತ್ಯರು, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ ಅವನು ಮರ್ತ್ಯ. ಇದಕ್ಕೆ ಇನ್ನು ಸಾವಿರ ಸಂಗತಿ ಸೇರಿಸಿದರೂ ಬಂದ ತೀರ್ಮಾನ ಹಿಂದೆ ಹೋಗುವುದಿಲ್ಲ. ಕೂಡಿಸುತ್ತ ಹೋಗಬಹುದು, ಕಳೆಯುವ ಹಾಗಿಲ್ಲ. ಗಣಿತಕ್ಕೆ ಇದು ಭೂಷಣ. ಸಂತೆಗೆ ಹೋಗಿ ಬರುವವನಿಗೆ ಅಲ್ಲ. ಹಕ್ಕಿ ಎಂದರೆ ಹಾರುತ್ತದೆ ಎಂದುಕೊಳ್ಳುತ್ತೇವೆ, ಅದು ಪೆಂಗ್ವಿನ್ ಎಂದು ತಿಳಿದಾಗ ಆ ಮಾತನ್ನು ಹಿಂದಕ್ಕೆ ಪಡೆಯುತ್ತೇವೆ. ಈ ವಿದ್ಯೆಯ ಪುಸ್ತಕಗಳೆಲ್ಲ ಇದೇ ಪೆಂಗ್ವಿನ್ನನ್ನು ಕುಣಿಸುತ್ತವೆ. ಬೇಲಿ ಹಾರಲಾರದ ಫಾರಂ ಕೋಳಿಯೂ ಸಾಕಾಗುತ್ತಿತ್ತೇನೋ. 1980ರಲ್ಲಿ ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಎಂಬ ವಿದ್ವತ್ ಪತ್ರಿಕೆಯ ಒಂದೇ ವಿಶೇಷ ಸಂಚಿಕೆಯಲ್ಲಿ ಮೆಕಾರ್ಥಿ, ರೇಮಂಡ್ ರೈಟರ್, ಡ್ರೂ ಮ್ಯಾಕ್‌ಡರ್ಮಟ್ ಮತ್ತು ಜಾನ್ ಡಾಯ್ಲ್ ಇವರು, ಹೊಸ ಸಂಗತಿ ಬಂದಾಗ ಹಳೆಯ ತೀರ್ಮಾನವನ್ನು ಹಿಂತೆಗೆದುಕೊಳ್ಳಬಲ್ಲ ತರ್ಕದ ಮೂರು ಬೇರೆ ಬೇರೆ ರೂಪಗಳನ್ನು ಮುಂದಿಟ್ಟರು. ರೈಟರ್ ಅವರ ನಿಯಮದ ಧಾಟಿ ಹೀಗೆ: ಅದು ಹಕ್ಕಿಯಾಗಿದ್ದು, ಹಾರುತ್ತದೆ ಎಂದುಕೊಳ್ಳಲು ನಮಗೆ ತಿಳಿದಿರುವ ಯಾವುದೂ ಅಡ್ಡಬರದಿದ್ದರೆ, ಹಾರುತ್ತದೆ ಎಂದುಕೊಳ್ಳಿ. ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಸುಮಾರು 4,000 ಸೂತ್ರಗಳ ಪಾಣಿನಿಯ ಅಷ್ಟಾಧ್ಯಾಯಿ ನಡೆಯುವುದೇ ಉತ್ಸರ್ಗ ಮತ್ತು ಅಪವಾದ ಎಂಬ ಎರಡು ಎತ್ತುಗಳ ಮೇಲೆ: ಸಾಮಾನ್ಯ ನಿಯಮ ಎಲ್ಲ ಕಡೆ ಸಲ್ಲುತ್ತದೆ, ವಿಶೇಷ ನಿಯಮ ಎದುರಾದಲ್ಲಿ ಸರಿದು ನಿಲ್ಲುತ್ತದೆ.

ಆ ಮೂರು ತರ್ಕಗಳಿಂದ ಎಲ್ಲವೂ ಬಗೆಹರಿಯಿತೆಂದು ನಾನು ಹೇಳುತ್ತಿಲ್ಲ. ಬಂದೂಕಿಗೆ ಗುಂಡು ತುಂಬಿ, ಸ್ವಲ್ಪ ಕಾದು, ಹೊಡೆದರೆ ಏನಾಗುತ್ತದೆ ಎಂಬ ಸಣ್ಣ ಪ್ರಶ್ನೆಗೆ, ಕಾಯುವ ಹೊತ್ತಿನಲ್ಲಿ ಗುಂಡು ತಾನೇ ಮಾಯವಾಗಿರಬಹುದು ಎಂಬ ಉತ್ತರವನ್ನೂ ಅವು ಸಮನಾಗಿ ಒಪ್ಪುತ್ತವೆ ಎಂದು ಸ್ಟೀವ್ ಹ್ಯಾಂಕ್ಸ್ ಮತ್ತು ಅದೇ ಮ್ಯಾಕ್‌ಡರ್ಮಟ್ 1980ರ ದಶಕದ ನಡುವೆ ತೋರಿಸಿಕೊಟ್ಟಾಗ ದೊಡ್ಡ ಗದ್ದಲವೇ ಆಯಿತು. ಲೋಕಜ್ಞಾನವನ್ನೆಲ್ಲ ಕೈಯಾರೆ ಬರೆದು ಮುಗಿಸುತ್ತೇವೆಂದು ಡಗ್ಲಸ್ ಲೆನಟ್ 1984ರಲ್ಲಿ ಆರಂಭಿಸಿದ ‘ಸೈಕ್’ ಯೋಜನೆಗೆ ದಶಕಗಳು ಕಳೆದರೂ ದಡ ಸಿಗಲಿಲ್ಲ. ಸೋಲು ಎನ್ನುವುದಾದರೆ ಇದನ್ನು ಎನ್ನಿ. ಆದರೆ ಎಲ್ಲಿ, ಏಕೆ ಎಡವಿದೆವು ಎಂದು ಬೆರಳಿಟ್ಟು ತೋರಿಸಬಲ್ಲ ಸೋಲು ಅದು.

ಈಗ ಎರಡನೆಯ ತಪ್ಪು. ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಕ್ರೂರವಾದದ್ದು. ರೈಟರ್ ಅವರೇ 1978ರಲ್ಲಿ ‘ಕ್ಲೋಸ್ಡ್ ವರ್ಲ್ಡ್’ ಎಂಬ ಊಹೆಯನ್ನು ಬಿಡಿಸಿ ಬರೆದರು: ದಾಖಲೆಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದುಕೊಳ್ಳುವುದು. ಇದು ಯಾವಾಗಲೂ ತಪ್ಪಲ್ಲ. ಲಿಂಗಸುಗೂರು ಬಸ್ ನಿಲ್ದಾಣದ ಬೋರ್ಡಿನಲ್ಲಿ ಸಂಜೆ 4ಕ್ಕೆ ಮುದಗಲ್ ಬಸ್ ಬರೆದಿಲ್ಲವೆಂದರೆ 4ಕ್ಕೆ ಬಸ್ ಇಲ್ಲವೆಂದೇ ತಿಳಿಯುತ್ತೇವೆ, ಏಕೆಂದರೆ ಇರುವ ಬಸ್ಸುಗಳನ್ನೆಲ್ಲ ಬರೆಯುವುದೇ ಆ ಬೋರ್ಡ್ ಬರೆದವನ ಕೆಲಸ. ಇಲ್ಲದ ಬಸ್ಸುಗಳ ಪಟ್ಟಿಯನ್ನು ಯಾರೂ ಹಾಕುವುದಿಲ್ಲ. ಆದರೆ ಯಾರೂ ಹೋಗಿ ನೋಡದ ಹೊಲದ ದಾಖಲೆಗೂ ಬಸ್ ಬೋರ್ಡಿಗೂ ಒಂದೇ ನ್ಯಾಯ ಹೇಗಾದೀತು?

ಈ ಭೇದವನ್ನು ನಮ್ಮ ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥ ನಿರ್ಣಯಿಸುವ ದರ್ಶನದವರು, ಎಷ್ಟೋ ಶತಮಾನ ಮೊದಲೇ ಗುರುತಿಸಿದ್ದರು. ಕುಮಾರಿಲ ಭಟ್ಟರ ಪರಂಪರೆಯವರು ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನೂ, ಒಂದು ಪ್ರಮಾಣವೆಂದು, ಎಂದರೆ ಸರಿಯಾದ ತಿಳಿವಳಿಕೆಗೆ ದಾರಿಯೆಂದು, ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಅದಕ್ಕೊಂದು ಕಟ್ಟು ಹಾಕುತ್ತಾರೆ: ಅದು ‘ಯೋಗ್ಯ’ ಅನುಪಲಬ್ಧಿಯಾಗಿರಬೇಕು; ಗಡಿಗೆ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥ ಸ್ಥಿತಿಯಲ್ಲಿ ನೋಡಿಯೂ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಕತ್ತಲ ಕೋಣೆಯಲ್ಲಿ ಕಾಣದ ಗಡಿಗೆಯ ಬಗ್ಗೆ ಹೇಳಬಹುದಾದದ್ದು ‘ಗೊತ್ತಿಲ್ಲ’ ಎಂದಷ್ಟೆ. ಬಸ್ ಬೋರ್ಡ್ ಬೆಳಕಿನ ಕೋಣೆ. ಸಮೀಕ್ಷೆಗೆ ಯಾರೂ ಬಾರದ ನನ್ನ ಹೊಲ ಆ ಕಂಪ್ಯೂಟರಿಗೆ ಕತ್ತಲ ಕೋಣೆಯಾಗಿತ್ತು, ಅದು ಗಡಿಗೆ ಇಲ್ಲವೆಂದು ಬರೆದುಕೊಟ್ಟಿತು.

ತರ್ಕಪಂಥದವರೂ ಕೊನೆಗೆ ಇಲ್ಲಿಗೇ ಬಂದರು. 1991ರಲ್ಲಿ ಮೈಕೆಲ್ ಗೆಲ್‌ಫಾಂಡ್ ಮತ್ತು ವ್ಲಾಡಿಮಿರ್ ಲಿಫ್‌ಶಿಟ್ಸ್ ಎಂಬುವರು ತರ್ಕದ ಪ್ರೋಗ್ರಾಮುಗಳಲ್ಲಿ ಎರಡು ಬಗೆಯ ನಿಷೇಧ, ಅಂದರೆ ‘ಇಲ್ಲ’ ಎನ್ನುವ ಎರಡು ರೀತಿ, ಬೇಕೆಂದು ವಾದಿಸುತ್ತ, ಮೆಕಾರ್ಥಿಯವರಿಂದ ಪಡೆದ ಒಂದು ಉದಾಹರಣೆ ಕೊಡುತ್ತಾರೆ. ಶಾಲೆಯ ಬಸ್ಸೊಂದು ರೈಲು ಹಳಿ ದಾಟಬೇಕಾಗಿದೆ. ‘ರೈಲು ಬರುತ್ತಿದೆ ಎಂದು ಗೊತ್ತಿಲ್ಲದಿದ್ದರೆ ದಾಟು’ ಎಂಬುದು ಒಂದು ನಿಯಮ. ‘ರೈಲು ಬರುತ್ತಿಲ್ಲ ಎಂದು ಗೊತ್ತಿದ್ದರೆ ದಾಟು’ ಎಂಬುದು ಇನ್ನೊಂದು. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಕಾವಲಿಲ್ಲದ ಹಳಿಯೊಂದರ ಪಕ್ಕ ಆಳೆತ್ತರ ಬೆಳೆದ ಬಳ್ಳಾರಿ ಜಾಲಿ ಅಡ್ಡನಿಂತು ಎರಡೂ ದಿಕ್ಕು ಕಾಣದಿದ್ದಾಗ, ಮೊದಲನೆಯ ನಿಯಮ ಪಾಲಿಸುವ ಚಾಲಕ ಬಸ್ಸನ್ನು ಮುಂದಕ್ಕೆ ಬಿಡುತ್ತಾನೆ. ಎರಡನೆಯವನು ಇಳಿದು ಹಳಿಯವರೆಗೆ ನಡೆದು ನೋಡಿ ಬರುತ್ತಾನೆ. ಮಕ್ಕಳನ್ನು ಯಾರ ಬಸ್ಸಿಗೆ ಹತ್ತಿಸಬೇಕೆಂದು ಯಾವ ತಾಯಿಗೂ ತರ್ಕಶಾಸ್ತ್ರ ಕಲಿಸಬೇಕಾಗಿಲ್ಲ.

ಕಾನೂನಿಗೂ ಇದು ಗೊತ್ತು. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇದ್ದು, ಈಗ ಅದರ ಜಾಗಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದುಕೊಂಡಿರುವ ಎರಡು ಕಲಮುಗಳನ್ನು ಜೊತೆಗಿಟ್ಟು ಓದಬೇಕು. 30 ವರ್ಷಗಳೊಳಗೆ ಬದುಕಿದ್ದನೆಂದು ಕಂಡುಬಂದವನು ಸತ್ತಿದ್ದಾನೆ ಎಂದು ಯಾರು ಹೇಳುತ್ತಾರೋ ಅವರೇ ಅದನ್ನು ರುಜುವಾತು ಮಾಡಬೇಕು. ಆದರೆ ಅವನ ಸುದ್ದಿ ಸಹಜವಾಗಿ ಯಾರಿಗೆ ತಿಳಿಯಬೇಕಿತ್ತೋ ಅವರಿಗೆ 7 ವರ್ಷ ಸುದ್ದಿಯೇ ಬಾರದಿದ್ದರೆ, ಬದುಕಿದ್ದಾನೆ ಎನ್ನುವವರ ಮೇಲೆ ರುಜುವಾತಿನ ಹೊಣೆ ಹೊರಳುತ್ತದೆ. ಇದ್ದದ್ದು ಇರುತ್ತದೆ ಎಂಬ ನಿಯಮ ಮೊದಲನೆಯದರಲ್ಲಿದೆ, ಅದನ್ನು ಹಿಂತೆಗೆಯುವ ಷರತ್ತು ಎರಡನೆಯದರಲ್ಲಿದೆ. ‘ಸುದ್ದಿ ಯಾರಿಗೆ ತಿಳಿಯಬೇಕಿತ್ತೋ’ ಎಂಬ ಮಾತಿನಲ್ಲಿ ಮೀಮಾಂಸಕರ ಯೋಗ್ಯತೆಯೂ ಇದೆ. ಸುದ್ದಿಯಿಲ್ಲ ಎಂಬಲ್ಲಿಂದ ಮನುಷ್ಯನಿಲ್ಲ ಎಂಬಲ್ಲಿಗೆ ಹೋಗಲು ಕಾನೂನು 7 ವರ್ಷ ತೆಗೆದುಕೊಳ್ಳುತ್ತದೆ. ನಮೂದಿಲ್ಲ ಎಂಬಲ್ಲಿಂದ ಜೋಳವಿಲ್ಲ ಎಂಬಲ್ಲಿಗೆ ಹೋಗಲು ಆ ಪರದೆಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಲೇಖಕರು ಮೆಚ್ಚಿದ ಹೊಸ ಯಂತ್ರಗಳನ್ನು ನಾನು ತೆಗಳುವುದಿಲ್ಲ. ಮೊಮ್ಮಗಳ ಫೋನಿನಲ್ಲಿ ನಾನೂ ಪ್ರಶ್ನೆ ಕೇಳಿ ನೋಡಿದ್ದೇನೆ. ಹಕ್ಕಿ, ಪೆಂಗ್ವಿನ್, ಬಂದೂಕು ಮೂರನ್ನೂ ಅದು ತಟ್ಟನೆ ಸರಿಯಾಗಿ ಹೇಳಿತು. ಆದರೆ ಫಲಾನುಭವಿಗಳನ್ನು ಆರಿಸುವ, ಅರ್ಜಿ ತಿರಸ್ಕರಿಸುವ ಜಾಗಗಳಿಗೆ ಇಂಥ ಯಂತ್ರಗಳನ್ನು ತರುವ ಮಾತು ನಡೆಯುತ್ತಿರುವಾಗ, ತರ್ಕಪಂಥದವರು ಕೊಡಬಲ್ಲ, ಈ ಹೊಸ ಯಂತ್ರಗಳು ಇನ್ನೂ ನೆಚ್ಚಿಕೆಯಿಂದ ಕೊಡಲಾರದ ವಸ್ತುವೊಂದನ್ನು ಮರೆಯಬಾರದು. 1986ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಾಬರ್ಟ್ ಕೊವಾಲ್‌ಸ್ಕಿ, ಮಾರೆಕ್ ಸರ್ಗಟ್ ಮತ್ತು ಸಂಗಡಿಗರು ಬ್ರಿಟನ್ನಿನ 1981ರ ಪೌರತ್ವ ಕಾಯ್ದೆಯ ಬಹುಭಾಗವನ್ನು ತರ್ಕದ ಪ್ರೋಗ್ರಾಮಾಗಿ ಬರೆದ ಕೆಲಸವನ್ನು ಪ್ರಕಟಿಸಿದರು. ಆ ಕಾಯ್ದೆಯಲ್ಲಿ, ದಿಕ್ಕಿಲ್ಲದೆ ಸಿಕ್ಕ ಹಸುಗೂಸು ‘ವಿರುದ್ಧವಾದದ್ದು ತೋರಿಬರದ ಹೊರತು’ ಆ ದೇಶದಲ್ಲೇ ಹುಟ್ಟಿದ್ದೆಂದು ಭಾವಿಸತಕ್ಕದ್ದು ಎಂಬ ಕಲಮಿದೆ. ಗೊತ್ತಿಲ್ಲ ಎಂಬುದನ್ನು ಮಗುವಿನ ವಿರುದ್ಧ ತಿರುಗಿಸದೆ ಮಗುವಿನ ಪರವಾಗಿ ತಿರುಗಿಸಿದ ಕಲಮು ಅದು. ಯಾವ ಕಡೆಗೆ ತಿರುಗಿಸಬೇಕೆಂಬುದು ಯಂತ್ರ ಮಾಡುವ ತೀರ್ಮಾನವಲ್ಲ, ಶಾಸನ ಮಾಡುವವರದು. ಆದರೆ ಆ ತೀರ್ಮಾನ ಎಲ್ಲರಿಗೂ ಕಾಣುವಂತೆ ಒಂದು ಸಾಲಿನಲ್ಲಿ ಬರೆದಿರುತ್ತದೆ, ಮತ್ತು ಇಂಥ ಪ್ರೋಗ್ರಾಮನ್ನು ‘ಏಕೆ?’ ಎಂದು ಕೇಳಿದರೆ ಯಾವ ನಿಯಮದಿಂದ, ಯಾವ ಸಂಗತಿಯಿಂದ ಈ ಉತ್ತರ ಬಂತೆಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತದೆ.

ನಾನು ಕೇಳುವುದು ಬಹಳ ಸಣ್ಣದು. ಹೌದು, ಇಲ್ಲ ಎಂಬ ಎರಡು ಗುಂಡಿಗಳ ಜೊತೆಗೆ ‘ಗೊತ್ತಿಲ್ಲ, ಹೋಗಿ ನೋಡಬೇಕು’ ಎಂಬ ಮೂರನೆಯ ಗುಂಡಿ ಇಂಥ ಪ್ರತಿಯೊಂದು ಪರದೆಯಲ್ಲೂ ಇರಬೇಕು. ಹೋಗಿ ನೋಡಬೇಕಾದವರು ಯಾರು, ಎಷ್ಟು ದಿನದೊಳಗೆ ಎಂಬುದೂ ಅಲ್ಲೇ ಇರಬೇಕು. ಬೇಡ ಎಂದು ಕಳಿಸುವಾಗ ಕೊಡುವ ಚೀಟಿಯಲ್ಲಿ, ಯಾವ ನಮೂದು ಇಲ್ಲದ್ದರಿಂದ ಬೇಡವೆಂದದ್ದು, ಆ ನಮೂದನ್ನು ಕೊನೆಯ ಸಲ ಯಾರು, ಯಾವ ತಾರೀಖಿನಂದು ಸ್ಥಳದಲ್ಲಿ ನೋಡಿ ಬರೆದದ್ದು ಎಂಬ ಎರಡು ಸಾಲು ಇರಬೇಕು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಊರಿನ ಜಮೀನು ಲೆಕ್ಕ ಬರೆಯುತ್ತಿದ್ದ ಪಟವಾರಿಗಳನ್ನು ಹೊಗಳಲು ನನಗೆ ಕಾರಣವಿಲ್ಲ, ಅವರ ಕೈಯಲ್ಲಿ ನೊಂದವರ ಕಥೆಗಳನ್ನು ಅಜ್ಜನಿಂದ ಸಾಕಷ್ಟು ಕೇಳಿದ್ದೇನೆ. ಆದರೂ ಬದುವಿನ ಮೇಲೆ ನಿಂತವನಿಗೆ ಜೋಳ ಭತ್ತವಾಗಿ ಕಾಣುತ್ತಿರಲಿಲ್ಲ, ಸುಳ್ಳು ಬರೆದರೆ ಅದು ಸುಳ್ಳೆಂದು ಅವನಿಗೆ ಗೊತ್ತಿರುತ್ತಿತ್ತು.

ಆ 40 ಚೀಲಗಳನ್ನು ಮರುದಿನ ದಲಾಲಿ ಅಂಗಡಿಯಲ್ಲಿ ಕ್ವಿಂಟಲ್‌ಗೆ ಬೆಂಬಲ ಬೆಲೆಗಿಂತ ಸುಮಾರು 900 ರೂಪಾಯಿ ಕಡಿಮೆಗೆ ಹಾಕಿ ಬಂದೆ. ನನ್ನ ವಿದ್ಯಾರ್ಥಿ ಎರಡು ಸಲ ಫೋನ್ ಮಾಡಿ, ತಿದ್ದುಪಡಿಗೆ ಅರ್ಜಿ ಕೊಡಲು ಹೇಳಿದ, ಕೊಟ್ಟಿದ್ದೇನೆ. ಈ ಸಲವೂ ಜೋಳವನ್ನೇ ಬಿತ್ತಿದ್ದೇನೆ, ಮೊಣಕಾಲೆತ್ತರ ಬಂದಿದೆ. ಸಮೀಕ್ಷೆಯವರು ಬಂದು ಹೋದರೋ, ಬರುವವರಿದ್ದಾರೋ ಎಂದು ಊರಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತರ್ಕಶಾಸ್ತ್ರ ಉಪನ್ಯಾಸಕ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ